ಬ್ರೆಕ್ಸಿಟ್ ಪ್ರಚಾರದ ಸುದ್ದಿ: ಆ ಬಸ್ಸೇ ಯಾಕೆ ಗೆದ್ದಿತು?

ಪ್ರಶ್ನೆ: ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೇ (ಅದೇ ಬ್ರೆಕ್ಸಿಟ್) ಎಂಬ 2016ರ ಜೂನ್ 23ರ ಮತದಾನಕ್ಕೆ ಮುಂಚಿನ ಸುದ್ದಿಗಳನ್ನು ಮತ್ತೆ ಓದುತ್ತಿದ್ದೇನೆ. ಯುರೋಪಿಯನ್ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ ಎಂದು ಹೊರಬರುವ ಪರ ಪ್ರಚಾರ ಮಾಡುವವರು ಕೆಂಪು ಬಸ್ಸಿನ ಮೇಲೆ ಬರೆದಿದ್ದರು. ಬ್ರಿಟನ್‌ಗೆ ಸಿಗುತ್ತಿದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದೇ ಇರಲಿಲ್ಲ. ದೇಶದ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುವ ಲೆಕ್ಕ ಎಂದಿತು. ಆದರೂ ಮಾತೆಲ್ಲ ಆ ಬಸ್ಸಿನದ್ದೇ. ನನಗೆ ಇದು ತುಂಬಾ ಬೇಸರದ ವಿಷಯ.

ಉತ್ತರ: ಬಸ್ಸಿನ ಫೋಟೋ ತೆಗೆಯಬಹುದು, ರಿಯಾಯಿತಿಯದ್ದು ಆಗುವುದಿಲ್ಲ. ತಪ್ಪು ಎಂದು ಹೇಳಲೂ ಅದೇ ಸಂಖ್ಯೆಯನ್ನು ಹೇಳಬೇಕು, ಅಲ್ವಾ?

ಉತ್ತರ: ಪತ್ರಿಕೆಗಳನ್ನೆಲ್ಲ ಸುಮ್ನೆ ಒಂದೇ ಗುಂಪಿಗೆ ಸೇರಿಸಬೇಡಿ. ಡೈಲಿ ಮೇಲ್ ಹೊರಬರೋಣ ಎಂದಿತು. ಅದೇ ಸಂಸ್ಥೆಯ ಮೇಲ್ ಆನ್ ಸಂಡೇ ಉಳಿಯೋಣ ಎಂದಿತು.

ಪ್ರಶ್ನೆ ಕೇಳಿದವರು: ಇದು ಗೊತ್ತಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತೇನೆ.