ಪದಚರ್ಚೆ: ಜೀರ್ಣ, ಪಚನ, ಅರಗು, ಹಜಮ್ – ಬೋರ್ಡಿಗೆ ಯಾವುದು?

ರಾಯಚೂರಿನಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ನಮ್ಮ ಓಣಿಯ ದವಾಖಾನೆಯ ಗೋಡೆ ಮೇಲೆ ಹೊಟ್ಟೆಯ ತೊಂದರೆಗಳ ಬಗ್ಗೆ ಬರೆಸುತ್ತಿದ್ದೇವೆ. ಇಂಗ್ಲಿಷ್ ಪ್ರತಿಯಲ್ಲಿ 'ಡೈಜೆಶನ್' ಅಂತಿದೆ. ಡಾಕ್ಟರು 'ಜೀರ್ಣಕ್ರಿಯೆ' ಅಂತಾರೆ. ಪೇಂಟರ್ 'ಪಚನಕ್ರಿಯೆ' ಅಂತ ಬರೆದುಕೊಂಡು ಬಂದಿದ್ದಾನೆ. ಚೀಟಿ ಮಾಡಿಸಲು ಬರುವವರು ಮಾತ್ರ 'ಉಂಡದ್ದು ಹಜಮ್ ಆಗವಲ್ದುರೀ' ಅಂತಾರೆ. ಯಾವುದು ಹಾಕಲಿ?

ಬಳ್ಳಾರಿಯಿಂದ:

ಮೂರೂ ಬೇಡ. 'ಅರಗು' ಇರುವಾಗ ಸಾಲ ಯಾಕೆ? ಅರಗು, ಅರಗಿಸು, ಅರಗುವಿಕೆ. ಎಲ್ಲ ರೂಪವೂ ಸಿದ್ಧವಾಗಿದೆ.

ನಮ್ಮೂರಲ್ಲಿ ತೆಲುಗು ಮನೆಮಾತಿನವರು ತಿಂದದ್ದು 'ಅರಗಲೇದು' ಅಂತಾರೆ. ಅವರ ನಾಮಪದ 'ಅರುಗುದಲ'. ಚಪ್ಪಲಿ ಸವೆದು ಹೋದರೂ ಅವರಿಗೆ ಅದೇ ಕ್ರಿಯಾಪದ, 'ಅರಿಗಿಪೋಯಾಯಿ'. ಈಗ ಸಂಸ್ಕೃತ ನೋಡಿ. 'ಜೀರ್ಣ'ದ ಧಾತು ಜೄ. ಅಂದರೆ ಹಳೆಯದಾಗು, ಸವೆ. ಮುಪ್ಪಿಗೆ 'ಜರೆ' ಅನ್ನುವುದು, ಕುಸಿದ ಗುಡಿ ಕಟ್ಟುವುದಕ್ಕೆ 'ಜೀರ್ಣೋದ್ಧಾರ' ಅನ್ನುವುದು ಅದರಿಂದಲೇ. ಉಂಡದ್ದು ಒಳಗೆ ಸವೆಯುತ್ತದೆ ಅನ್ನುವ ಅರಿವು ನಮ್ಮ ನುಡಿಗಳಲ್ಲೇ ಇರುವಾಗ ಇನ್ನೊಬ್ಬರ ಬಾಗಿಲಿಗೆ ಯಾಕೆ ಹೋಗಬೇಕು?

'ಪಚನ' ಬೇರೆಯೇ ದಾರಿ. ಪಚ್ ಅಂದರೆ ಬೇಯಿಸು. ಪಾಕ, ಪಕ್ವ ಅದರ ಒಡಹುಟ್ಟು. ಹೊಟ್ಟೆಯಲ್ಲಿ ಬೆಂಕಿ ಇದೆ, ಜಠರಾಗ್ನಿ, ಅದು ಅನ್ನವನ್ನು ಮತ್ತೊಮ್ಮೆ ಬೇಯಿಸುತ್ತದೆ ಅನ್ನುವ ಕಲ್ಪನೆ. ಗ್ರೀಕರದ್ದೂ ಅದೇ. ಅವರ 'ಪೆಪ್ಸಿಸ್' ನಮ್ಮ ಪಚ್‌ಗೆ ದಾಯಾದಿ. 1836ರಲ್ಲಿ ಜರ್ಮನಿಯ ವಿಜ್ಞಾನಿ ಥಿಯೋಡರ್ ಶ್ವಾನ್ ಜಠರರಸದಲ್ಲಿ ಕಂಡ, ಅನ್ನ ಅರಗಿಸುವ ವಸ್ತುವಿಗೆ 'ಪೆಪ್ಸಿನ್' ಅಂತ ಹೆಸರಿಟ್ಟದ್ದು ಅದರಿಂದ. ಇಂಗ್ಲಿಷಿನದು ಲ್ಯಾಟಿನ್ ಮೂಲ, ಬೇರೆ ಬೇರೆಯಾಗಿ ಒಯ್ಯು, ವಿಂಗಡಿಸು ಅಂತ. 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಮಾಡಿಸಿದ ಕಾನೂನು ಸಂಗ್ರಹಕ್ಕೆ 'ಡೈಜೆಸ್ಟ್' ಅನ್ನುವುದೂ ಅದಕ್ಕೇ.

ಕೊಪ್ಪಳದಿಂದ:

'ಅರಗುವಿಕೆ' ಯಾರ ಬಾಯಲ್ಲೂ ಇಲ್ಲ. ಬಿಡಿ. 'ಹಜಮ್' ಹಾಕಿ. ಅರಬ್ಬಿಯಿಂದ ಉರ್ದುವಿಗೆ ಬಂತು, ಉರ್ದುವಿನಿಂದ ನಮಗೆ. 1948ರವರೆಗೆ ನಾವು, ರಾಯಚೂರಿನವರು ನಿಜಾಮರ ಕೆಳಗೆ ಇದ್ದವರು. 'ಸಂಘದ ರೊಕ್ಕ ಹಜಮ್ ಮಾಡಿದ' ಅಂದರೆ ಇಲ್ಲಿ ಸಣ್ಣ ಹುಡುಗನಿಗೂ ತಿಳಿಯುತ್ತದೆ. ಸಾಲ ಬೇಡ ಅನ್ನುವವರು ಜಿಲ್ಲೆ, ತಾಲೂಕು, ಅರ್ಜಿ, ದವಾಖಾನೆ ಎಲ್ಲ ಬಿಡಬೇಕಾಗುತ್ತದೆ.

ಬಳ್ಳಾರಿಯಿಂದ:

ಇಲ್ಲದ್ದಕ್ಕೆ ಸಾಲ ತರುವುದು ಬೇರೆ, ಇದ್ದದ್ದನ್ನು ಮೂಲೆಗೆ ಸರಿಸಿ ತರುವುದು ಬೇರೆ. ಹಜಮ್ ಅಂತ ಬರೆದರೆ ಮೈಸೂರು ಕಡೆಯವರಿಗೆ ತಿಳಿಯಲ್ಲ.

ಕೊಪ್ಪಳದಿಂದ:

ಗೋಡೆ ರಾಯಚೂರಿನಲ್ಲಿದೆ.

ಸಿಂಧನೂರಿನಿಂದ:

ಇಬ್ಬರೂ ಸ್ವಲ್ಪ ತಾಳಿ. 'ಜೀರ್ಣ' ಹೊರಗಿನದು ಅನ್ನುವುದನ್ನು ನಾನು ಒಪ್ಪಲ್ಲ. ಹಾಲು ಕುಡಿಸಿದ ಮೇಲೆ ಕೂಸಿನ ಹೊಟ್ಟೆ ಸವರುತ್ತಾ 'ವಾತಾಪಿ ಜೀರ್ಣೋ ಭವ' ಅನ್ನುವ ಅಜ್ಜಿಯರು ಈಗಲೂ ಇದ್ದಾರೆ. ಅಗಸ್ತ್ಯರ ಕಥೆ, ಅದೂ ನಮ್ಮ ಬಾದಾಮಿಗೆ ಅಂಟಿಕೊಂಡ ಹೆಸರು. ಶಾಲೆಯ ವಿಜ್ಞಾನ ಪುಸ್ತಕದಲ್ಲೂ ಜೀರ್ಣಕ್ರಿಯೆಯೇ ಇದೆ.

ಆದರೆ ಗೋಡೆ ಓದುವವರು ನಾಮಪದ ಹುಡುಕಿಕೊಂಡು ಬರಲ್ಲ ಅಲ್ವಾ? ಹೊಟ್ಟೆ ಹಿಡಿದುಕೊಂಡು ಬರುತ್ತಾರೆ. ಕ್ರಿಯಾಪದ ಹಾಕಿ. ಮೇಲೆ ದೊಡ್ಡದಾಗಿ 'ಉಂಡದ್ದು ಅರಗುತ್ತಿಲ್ಲವೇ?', ಕೆಳಗೆ 'ಜೀರ್ಣಕ್ರಿಯೆಯ ತೊಂದರೆಗಳು'. ಹಜಮ್ ಡಾಕ್ಟರರ ಬಾಯಲ್ಲಿರಲಿ, ಅಲ್ಲಿ ಅದರ ಕೆಲಸ ಜಾಸ್ತಿ.

ರಾಯಚೂರಿನಿಂದ:

ಇದು ಸರಿಹೋಯಿತು ಮೇಡಂ, ಪೇಂಟರಿಗೆ ಹೇಳುತ್ತೇನೆ. ಇನ್ನೊಂದು: ಮೂರನೇ ಸಾಲಿಗೆ ಅಜೀರ್ಣವೋ, ಅಜೀರ್ತಿಯೋ?

ಬಳ್ಳಾರಿಯಿಂದ:

ಅಜೀರ್ಣ. ಅಜೀರ್ತಿ ತೆಲುಗಿನ ರೂಪ. ಮೇಲಿನ ಸಾಲಿನ 'ಅರಗು' ಮಾತ್ರ ಯಾರು ಹೇಳಿದರೂ ತೆಗೆಯಬೇಡಿ.