ಟಿ. ರೆಕ್ಸ್ ಆಲ್ಬಮ್‌ಗಳು: 'ಎಲೆಕ್ಟ್ರಿಕ್ ವಾರಿಯರ್' ಆದಮೇಲೆ ಯಾವುದು?

ಅಮಾನಿಕೆರೆ_ಕೇಳುಗ:
ನಾನು ತುಮಕೂರಿನವನು. ದಿನಾ ಬೆಂಗಳೂರಿಗೆ ರೈಲು, ಹೋಗುವಾಗ ಬರುವಾಗ ಹಾಡೇ ಜೊತೆ. ಬ್ರಿಟಿಷ್ ರಾಕ್ ಬ್ಯಾಂಡ್ ಟಿ. ರೆಕ್ಸ್‌ನ 'ಎಲೆಕ್ಟ್ರಿಕ್ ವಾರಿಯರ್' (1971) ಸಿಕ್ಕಿದ ಮೇಲೆ ವಾರ ಪೂರ್ತಿ ಬೇರೇನೂ ಹಾಕಿಲ್ಲ. ನಿನ್ನೆ 1968ರ ಮೊದಲ ಆಲ್ಬಮ್ ಹಾಕಿದೆ, ಬರೀ ಅಕೂಸ್ಟಿಕ್ ಗಿಟಾರ್, ಬಾಂಗೋ! ಇದು ಅದೇ ಬ್ಯಾಂಡಾ?

ಹಳೇ_ಕ್ಯಾಸೆಟ್:
ಅದೇ. ಆಗ ಹೆಸರು ಟಿರಾನೊಸಾರಸ್ ರೆಕ್ಸ್, ಹಾಡುಗಾರ, ಗಿಟಾರ್ ವಾದಕ ಮಾರ್ಕ್ ಬೋಲನ್ ಮತ್ತು ತಾಳವಾದ್ಯದ ಸ್ಟೀವ್ ಟುಕ್ ಇಬ್ಬರೇ. ಟುಕ್ ಹೋಗಿ ಮಿಕ್ಕಿ ಫಿನ್ ಬಂದರು, 1970ರ ಹೊತ್ತಿಗೆ ಎಲೆಕ್ಟ್ರಿಕ್ ಗಿಟಾರ್ ಜೋರಾಯಿತು, ಅದೇ ವರ್ಷ ಹೆಸರೂ ಮೊಟಕಾಯಿತು. ಮುಂದೆ 'ದಿ ಸ್ಲೈಡರ್' (1972) ಕೇಳಿ. ಗಿಟಾರ್ ಇನ್ನೂ ಒರಟು, ಆದರೆ ಹಿಂದೆ ನಿರ್ಮಾಪಕ ಟೋನಿ ವಿಸ್ಕಾಂಟಿ ಜೋಡಿಸಿದ ಪಿಟೀಲುಗಳು ಮೆತ್ತಗೆ ಏಳುತ್ತವೆ, ಮೇಲೆ ಹಿನ್ನೆಲೆ ಗಾಯಕ ಜೋಡಿ ಫ್ಲೋ ಮತ್ತು ಎಡ್ಡಿ ಅವರ ಎತ್ತರದ ದನಿ. ನನಗೆ ಇದೇ ಅವರ ಶಿಖರ.

ರಾತ್ರಿ_ರೇಡಿಯೋ:
ಮೊದಲ ಆಲ್ಬಮನ್ನು ಸುಮ್ನೆ ಬಿಡಬೇಡಿ. ಬೋಲನ್ ದನಿಯ ಆ ನಡುಕ ಅಲ್ಲೇ ಇದೆ, ಅಲ್ವಾ? 'ಟ್ಯಾಂಕ್ಸ್' (1973) ಕೂಡ ಕೇಳಿ, ಮೆಲ್ಲೊಟ್ರಾನ್ (ಟೇಪಿನಲ್ಲಿ ಮುದ್ರಿಸಿದ ವಾದ್ಯಗಳ ದನಿ ನುಡಿಸುವ ಕೀಬೋರ್ಡ್) ಜಾಸ್ತಿ, ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ವಾಸನೆ ಶುರುವಾಗುತ್ತದೆ. 1974ರ 'ಜಿಂಕ್ ಅಲಾಯ್' ಅದನ್ನೇ ಮುಂದಕ್ಕೆ ಒಯ್ಯುತ್ತದೆ. ಬಹಳ ಜನಕ್ಕೆ ಹಿಡಿಸಲ್ಲ, ನನಗೆ ಇಷ್ಟ.

ಹಳೇ_ಕ್ಯಾಸೆಟ್:
ನಡುವಿನ ಒಂದೆರಡು ಆಲ್ಬಮ್ ನನಗೆ ಸಪ್ಪೆ. ಆದರೆ 'ಡ್ಯಾಂಡಿ ಇನ್ ದಿ ಅಂಡರ್‌ವರ್ಲ್ಡ್' (1977) ಬಿಡಬೇಡಿ, ಮತ್ತೆ ಚುರುಕು ಬಂದಿತ್ತು. ಅದೇ ಸೆಪ್ಟೆಂಬರ್ 16ರಂದು ಕಾರು ಮರಕ್ಕೆ ಬಡಿದು ಬೋಲನ್ ತೀರಿಕೊಂಡರು, 30 ತುಂಬಲು ಎರಡೇ ವಾರ ಇತ್ತು. ಅದು ಗೊತ್ತಿದ್ದು ಆ ಹಾಡುಗಳನ್ನು ಕೇಳುವುದು ಕಷ್ಟ.

ಅಮಾನಿಕೆರೆ_ಕೇಳುಗ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ನಾಳೆ ಬೆಳಗಿನ ರೈಲಿಗೆ 'ದಿ ಸ್ಲೈಡರ್'.