ಜಿಲ್ಲೆಗೊಂದು ಚುನಾಯಿತ ವಿದ್ಯುತ್ ಮಂಡಳಿ ನಮ್ಮಲ್ಲಿ ಸಾಧ್ಯವೇ?

ಪ್ರಶ್ನೆ (ಸಕಲೇಶಪುರದಿಂದ):
ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, 1930ರಲ್ಲಿ ಮತದಾರರೇ ಒಪ್ಪಿಗೆ ನೀಡಿದ ಕಾನೂನಿನಂತೆ, ಸ್ಥಳೀಯ ಜನರು ಕಮಿಷನರುಗಳನ್ನು ಆರಿಸಿ ವಿದ್ಯುತ್ ಮತ್ತು ನೀರಿನ ಸಂಸ್ಥೆಗಳನ್ನು ತಾವೇ ನಡೆಸುತ್ತಾರೆ. ದರ ನಿಗದಿಗೆ ಅವರು ರಾಜ್ಯದ ಆಯೋಗದ ಮುಂದೆ ಹೋಗಬೇಕಿಲ್ಲ. ಹಾಸನ ಜಿಲ್ಲೆಗೆ ವಿದ್ಯುತ್ ಒದಗಿಸುವ ಸೆಸ್ಕ್‌ನ ಕೇಂದ್ರ ಕಚೇರಿ ಮೈಸೂರಿನಲ್ಲಿದೆ, ದರ ತೀರ್ಮಾನವಾಗುವುದು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ತೋಟದ ಸಿಲ್ವರ್ ಮರ ಉರುಳಿ ತಂತಿ ಹರಿಯುವ ನಮ್ಮ ಕಡೆಗೂ ಅರಸೀಕೆರೆಯ ಬಯಲಿಗೂ ಒಂದೇ ಬಗೆಯ ಯೋಜನೆ ಹೊಂದುವುದಿಲ್ಲ. ಇಂಥ ಸ್ಥಳೀಯ ಮಂಡಳಿಗೆ ನಮ್ಮ ಕಾನೂನಿನಲ್ಲಿ ಅವಕಾಶವಿದೆಯೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಹಾಸನದಿಂದ):
ತಕ್ಕಮಟ್ಟಿಗೆ ಇದೆ ಸರ್. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ವಿದ್ಯುತ್ ವಿತರಿಸುತ್ತದೆ. ಆದರೆ ಅದರ ದರವನ್ನೂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೇ (ಕೆಇಆರ್‌ಸಿ) ನಿಗದಿಪಡಿಸುತ್ತದೆ. ಇದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ನೀವು ಹೇಳಿದ ವಾಷಿಂಗ್ಟನ್‌ನಲ್ಲಿಯೇ ಇಂಥ ಮಂಡಳಿಗಳೂ ಕೆಲವು ನಗರಗಳೂ ಸೇರಿ ಕಟ್ಟಿಕೊಂಡ ಒಕ್ಕೂಟವೊಂದು ಐದು ಅಣು ವಿದ್ಯುತ್ ಸ್ಥಾವರಗಳ ಕೆಲಸಕ್ಕೆ ಕೈಹಾಕಿತು. ಪೂರ್ಣಗೊಂಡದ್ದು ಒಂದೇ, ಅರ್ಧಕ್ಕೆ ಕೈಬಿಟ್ಟ ಎರಡು ಸ್ಥಾವರಗಳ 225 ಕೋಟಿ ಡಾಲರ್ ಬಾಂಡ್ ಸಾಲವನ್ನು ತೀರಿಸಲಾಗದೆ 1983ರಲ್ಲಿ ಒಕ್ಕೂಟವು ಸುಸ್ತಿದಾರನಾಯಿತು. ಆ ಮಂಡಳಿಗಳ ಲೆಕ್ಕಪತ್ರವನ್ನು ರಾಜ್ಯದ ಲೆಕ್ಕಪರಿಶೋಧಕರು ತಪಾಸಣೆ ಮಾಡುತ್ತಾರೆ, ನಿಜ. ಆದರೆ ಖರ್ಚಾದ ಮೇಲೆ ಲೆಕ್ಕ ನೋಡುವುದು ಬೇರೆ, ಖರ್ಚಿಗೆ ಮೊದಲೇ ಪ್ರಶ್ನಿಸುವ ಅಧಿಕಾರ ಬೇರೆ.

ಉತ್ತರ 2 (ಚಿಕ್ಕಮಗಳೂರಿನಿಂದ):
ನಾವು ಮೆಸ್ಕಾಂ ವ್ಯಾಪ್ತಿಯವರು, ನಮ್ಮ ಕೇಂದ್ರ ಕಚೇರಿ ಮಂಗಳೂರು. ಕಚೇರಿ ದೂರವೆಂಬ ಮಾತು ನಮಗೂ ಅನ್ವಯಿಸುತ್ತದೆ. ಹೊಸ ಮಂಡಳಿಗೆ ಕಾಯುವ ಬದಲು ಇರುವ ಹಕ್ಕನ್ನು ಬಳಸೋಣ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕಲಂ 64ರಂತೆ ಕಂಪನಿಯು ದರದ ಅರ್ಜಿಯನ್ನು ಪ್ರಕಟಿಸಬೇಕು, ಆಯೋಗವು ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಶೀಲಿಸಿ 120 ದಿನಗಳೊಳಗೆ ಆದೇಶ ನೀಡಬೇಕು. ನಮ್ಮ ತಾಲ್ಲೂಕಿನ ಮಾರ್ಗಗಳ ದುರಸ್ತಿಗೆ ಎಷ್ಟು ಹಣ ಇಟ್ಟಿದ್ದೀರಿ, ಕಳೆದ ವರ್ಷದ್ದು ಎಷ್ಟು ಖರ್ಚಾಯಿತು ಎಂದು ಆಗ ಲಿಖಿತವಾಗಿ ಕೇಳಬಹುದು. ಬಿಲ್ಲು, ಸಂಪರ್ಕದಂಥ ಬಿಡಿ ದೂರುಗಳಿಗೆ ಕಲಂ 42ರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅಲ್ಲಿ ಪರಿಹಾರ ಸಿಗದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬೆಳೆಗಾರರ ಸಂಘದ ಮೂಲಕ ಮುಂದಿನ ದರ ಅರ್ಜಿಗೆ ಆಕ್ಷೇಪಣೆ ಸಲ್ಲಿಸುತ್ತೇವೆ. ವಿಚಾರಣೆಯ ಒಂದು ದಿನವನ್ನಾದರೂ ಹಾಸನದಲ್ಲಿ ಇಡಬೇಕೆಂಬ ಕೋರಿಕೆಯನ್ನೂ ಅದರಲ್ಲಿಯೇ ಸೇರಿಸುತ್ತೇವೆ.